ತೊಟ್ಟಿಲಂಚಿನ ಹಸಿರು

ಹಜರತಅಲಿ ಕಾಕಾ ಕಲಘಟಗಿಯಲ್ಲಿ ನಲವತ್ತು ವರ್ಷ ತೊಟ್ಟಿಲಿಗೆ ಬಣ್ಣ ಹಚ್ಚಿದವರು. ಈಗ ಕೈ ನಡುಗುತ್ತದೆ. ಅವರು ಬಣ್ಣ ಹಚ್ಚಿದ ಕೊನೆಯ ತೊಟ್ಟಿಲು ಹೋದ ತಿಂಗಳು ಕೊಲ್ಹಾಪುರಕ್ಕೆ ಹೋಯಿತು. ಅದರ ಅಂಚಿನ ಹಸಿರನ್ನು ಕಲಸಲು ಬರುವ ತನಕ ಬೇರೆ ತೊಟ್ಟಿಲು ಮುಟ್ಟಬೇಡ ಎಂದು ಮಗಳು ಶಬನಮ್‌ಗೆ ಹೇಳಿಬಿಟ್ಟಿದ್ದರು. ಅವಳು ಎಷ್ಟು ಸಲ ಕಲಸಿದರೂ ಇದಲ್ಲ ಅನ್ನುವರು. ಏನು ತಪ್ಪು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮೊಬೈಲ್ ಫೋಟೊ ಒಂದೊಂದು ಫೋನಿನಲ್ಲಿ ಒಂದೊಂದು ಹಸಿರು ತೋರಿಸುತ್ತಿತ್ತು.

ತೊಟ್ಟಿಲು ಹೋಗುವ ಮೊದಲು ನಾನು ಅದನ್ನು ಸ್ಲೈಡ್ ಫಿಲ್ಮಿನಲ್ಲಿ ತೆಗೆದಿದ್ದೆ. ನನ್ನದು ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೊ. ಈ ಫಿಲ್ಮು ನನ್ನ ಹುಚ್ಚು. ತೊಳೆದ ಫಿಲ್ಮನ್ನೇ ಬೆಳಕಿಗೆ ಹಿಡಿದರೆ ಇದ್ದ ಬಣ್ಣ ಇದ್ದ ಹಾಗೆ ಕಾಣುತ್ತದೆ. ಆದರೆ ತೊಳೆಯುವಾಗ ಮೊದಲು ಹಾಕುವ ದ್ರಾವಣ ಮೂವತ್ತೆಂಟು ಡಿಗ್ರಿ ಇರಬೇಕು. ಬಿಸಿ ಹೆಚ್ಚಾದರೆ ಬಣ್ಣ ತೆಳುವಾಗುತ್ತದೆ.

ಭಾನುವಾರ ಬಚ್ಚಲಲ್ಲಿ ಕುಳಿತೆ. ಫಿಲ್ಮು ಡಬ್ಬಿಯೊಳಗೆ, ಬಾಟಲಿಗಳು ಬಿಸಿನೀರಿನ ಬಕೆಟ್ಟಿನಲ್ಲಿ. ಥರ್ಮಾಮೀಟರ್ ನಲವತ್ತೊಂದು ತೋರಿಸಿತು. ತಣ್ಣೀರು ಹಾಕಿದರೆ ಮೂವತ್ತಾರು. ನಾಲ್ಕನೇ ಸಲಕ್ಕೆ ತಲೆ ಕೆಟ್ಟು ಥರ್ಮಾಮೀಟರನ್ನೇ ಗೋಡೆಗೆ ಕುಟ್ಟಿದೆ. ಒಡೆಯಿತು. ಮರುದಿನ ಹೊಸದು ತಂದು ಮಾಡಬಹುದಿತ್ತು; ಅಷ್ಟು ತಾಳ್ಮೆ ನನಗೆಲ್ಲಿ?

ನೋಡಲು ಬಂದಿದ್ದ ಶಬನಮ್ ಬಾಜು ಮನೆಯ ರಹೀಮಾಬಿಯನ್ನು ಕರೆತಂದಳು. ಓಣಿಯ ಕೂಸುಗಳಿಗೆಲ್ಲ ನೀರು ಎರೆಯುವ ಮುದುಕಿ.

"ಇಷ್ಟ ದೊಡ್ಡಾಂವ ಆಗಿ ಒಂದ್ ಬಕೇಟ್ ನೀರು ಗೊತ್ತಾಗೂದಿಲ್ಲೇನ ನಿನಗ?" ಎಂದು ಮೊಣಕೈ ಅದ್ದಿ ನೋಡಿ, ಮತ್ತೊಂದು ಚೊಂಬು ಬಿಸಿನೀರು ಸುರಿದಳು. "ಈಗ ಹಾಕಪಾ. ಕೂಸಿನ ಮೈಗಿ ಇಷ್ಟ ಇರಬೇಕು."

ಬಾಟಲಿಗಳು ಆ ನೀರಿನಷ್ಟೇ ಬಿಸಿಯಾಗಲು ಸ್ವಲ್ಪ ಹೊತ್ತು ಬಿಟ್ಟು, ಮೊದಲ ದ್ರಾವಣವನ್ನು ಡಬ್ಬಿಗೆ ಹಾಕಿದೆ. ಆರೂವರೆ ನಿಮಿಷ ಡಬ್ಬಿ ಅಲ್ಲಾಡಿಸಿದೆ. ಉಳಿದ ದ್ರಾವಣಗಳೂ ಆದವು. ಫಿಲ್ಮು ಒಣಗಿದ ಮೇಲೆ ನೋಡಿದರೆ ಬಣ್ಣವೆಲ್ಲ ತೆಳು. ನಮ್ಮ ಕಡೆ ಕೂಸಿಗೆ ಮೈ ಕೆಂಪಾಗುವಷ್ಟು ಬಿಸಿ ಎರೆಯುತ್ತಾರೆ ಎಂಬುದು ಆಗ ಹೊಳೆಯಿತು. ಮುದುಕಿಯ ತಪ್ಪಲ್ಲ. ಥರ್ಮಾಮೀಟರ್ ಒಡೆದವನು ನಾನು.

ಬೈಸಿಕೊಳ್ಳಲು ಸಿದ್ಧನಾಗಿಯೇ ಕಾಕಾನ ಮನೆಗೆ ಹೋದೆ. ಅವರು ಸ್ಲೈಡನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಂದಲ್ಲ ಸುಭಾಸ," ಅಂದರು. "ಇದು ಮಾವಿನ ಚಿಗುರು ಆಗೇತಿ. ನಂದು ಬಲಿತ ಎಲಿ."

ಶಬನಮ್ ತಲೆಯೆತ್ತಿದಳು. "ಹಂಗಾರ ನೀಲಿ ಹಾಕ್ಲೇನ ಅಬ್ಬಾ?"

"ಹಾಕು. ಚೂರು ಕಪ್ಪೂ ಬೇಕು."

ಇಷ್ಟು ದಿನ ಅವರ ಬಾಯಿಂದ ಬಾರದ ಮಾತು ಅದು. ಅವಳು ಕಲಸಿ ಒಂದು ಹಲಗೆಯ ಮೇಲೆ ಹಚ್ಚಿದಳು. ಅವರು ಸ್ಲೈಡಿನ ಹಸಿರನ್ನೂ ಹಲಗೆಯ ಹಸಿರನ್ನೂ ನೋಡಿ ನೋಡಿ, ಇನ್ನೂ ಚಿಗುರಿನ ಕಡೆಗೇ ಇದೆ ಅಂದರು; ಮುಂದಿನ ಸಲ ಕಪ್ಪು ಹೆಚ್ಚಾಯಿತು ಅಂದರು. ಐದನೇ ಸಲದ ಹಸಿರಿನಲ್ಲಿ ನಡುಗುವ ಬೆರಳಿನಿಂದಲೇ ಹಲಗೆಯ ಮೇಲೆ ಒಂದು ಗೆರೆ ಎಳೆದು, ಗೋಡೆಗೆ ಒರಗಿಸಿಟ್ಟಿದ್ದ ಹೊಸ ತೊಟ್ಟಿಲಿನ ಕಡೆಗೆ ಕೈ ತೋರಿಸಿದರು.