ಮೇಲಿನ ಮಹಡಿ

ಶಾಲೆಯ ಆಯಾ ಚಿಕ್ಕಮುನಿಯಮ್ಮ ಕಸದ ಮೊರವನ್ನು ಸೀದಾ ಪ್ರತಿಭಾಳ ಮೇಜಿನ ಮೇಲೆ ತಂದಿಟ್ಟಳು. ಅದರಲ್ಲಿ ಅಂಗೈಗಿಂತ ದೊಡ್ಡದಾದ ಗಾರೆಯ ಹೆಂಟೆಯಿತ್ತು.

"ನಾಕನೇ ಕ್ಲಾಸಲ್ಲಿ ಬಿದ್ದೈತೆ ಮೇಡಂ, ಬೆಂಚಿನ ಮೇಲೇ. ಇನ್ನೂ ಐತೆ, ನನ್ ಕೈಲಿ ಎತ್ತಕ್ಕಾಗಲ್ಲ."

ಪ್ರತಿಭಾ ಮೇಲೆ ಹೋಗಿ ನೋಡಿದಳು. ನಡುವಿನ ಸಾಲಿನ ಬೆಂಚೊಂದು ಸೀಳಿಹೋಗಿತ್ತು. ಚಾವಣಿಯಲ್ಲಿ ತುಕ್ಕು ಹಿಡಿದ ಕಂಬಿಗಳು ಕಾಣುತ್ತಿದ್ದವು. ಪಕ್ಕದ ಕೋಣೆಗೆ ಹೋಗಿ, ಜೇಡರ ಬಲೆ ತೆಗೆಯುವ ಉದ್ದನೆಯ ಕೋಲಿನಿಂದ ಅಲ್ಲಿಯ ಚಾವಣಿಯನ್ನು ತಟ್ಟಿದಳು. ಟೊಳ್ಳು ಸದ್ದು ಬಂತು. ಅದರಾಚೆಯ ಕೋಣೆಯಲ್ಲೂ ಅದೇ ಸದ್ದು. ಕೋಲನ್ನು ಗೋಡೆಗೆ ಒರಗಿಸಿ ಒಂದು ಗಳಿಗೆ ಮೆಟ್ಟಿಲ ಮೇಲೆ ಕುಳಿತಳು. ಇನ್ನೂ ಶಾಲೆ ಶುರುವಾಗಿರಲಿಲ್ಲ. ದಣಿದ ಮೈಗೆ ಆಗಲೇ ಸಂಜೆಯಾಗಿತ್ತು.

ರಿಚರ್ಡ್ಸ್ ಟೌನಿನ ಈ ಸಣ್ಣ ಖಾಸಗಿ ಶಾಲೆಗೆ ಅವಳು ಗಣಿತದ ಟೀಚರಾಗಿ ಬಂದವಳು. ಹಾವೇರಿಯ ಕಡೆಯವಳು, ಬೆಂಗಳೂರಿಗೆ ಬಂದು ಕೂದಲು ನೆರೆಯುವಷ್ಟು ವರ್ಷಗಳಾಗಿದ್ದವು. ಹಳೆಯ ಹೆಡ್‌ಮಿಸ್ ನಿವೃತ್ತರಾದಾಗ ಆ ಕುರ್ಚಿ ಯಾರಿಗೂ ಬೇಡವಾಗಿ, ಇನ್‌ಚಾರ್ಜ್ ಎಂಬ ಹೆಸರಿನಲ್ಲಿ ಇವಳ ಪಾಲಿಗೆ ಬಂದಿತ್ತು. ಟ್ರಸ್ಟಿನ ಕಾರ್ಯದರ್ಶಿ ರಾಜಶೇಖರ ಟೈಲ್ಸ್ ವ್ಯಾಪಾರದವರು. "ಸ್ಕೂಲ್ ನಡೆಸೋದೂ ಬಿಸಿನೆಸ್ ನಡೆಸೋದೂ ಒಂದೇ ಮೇಡಂ, ಲೀಡರ್‌ಶಿಪ್ ಬೇಕು ಅಷ್ಟೇ" ಎಂದು ಹೋದ ತಿಂಗಳು ಅವಳನ್ನು ಮಹದೇವಪುರದ ಟೆಕ್ ಪಾರ್ಕೊಂದರಲ್ಲಿ ನಡೆದ ತರಬೇತಿಗೆ ಕಳಿಸಿದ್ದರು. ಕಂಪನಿಗಳ ಮ್ಯಾನೇಜರುಗಳ ನಡುವೆ, ಎಸಿಯ ಚಳಿಗೆ ಸೆರಗು ಹೊದ್ದು ಕುಳಿತು, ಅವಳು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದ್ದಳು. ನಾಯಕರಾದವರು ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು ಎಂದಿದ್ದರು ತರಬೇತಿ ಕೊಟ್ಟವರು. ಯಾರೂ ಜೊತೆಗೆ ಬಾರದಿದ್ದರೆ ಏನು ಮಾಡಬೇಕೆಂದು ಕೇಳುವವಳಿದ್ದಳು. ಅಷ್ಟರಲ್ಲಿ ಊಟಕ್ಕೆ ಬಿಟ್ಟರು.

ಕೆಳಗಿಳಿದು ರಾಜಶೇಖರರಿಗೆ ಫೋನ್ ಮಾಡಿದಳು.

"ಆ ಒಂದು ರೂಮ್ ಲಾಕ್ ಮಾಡಿ, ಮಿಕ್ಕಿದ್ದು ನಡೀಲಿ," ಎಂದರು ಅವರು. "ದಸರಾ ರಜೇಲಿ ರಿಪೇರಿ ಮಾಡ್ಸೋಣ. ಪೇರೆಂಟ್ಸ್‌ಗೆ ಮಾತ್ರ ಏನೂ ಹೇಳೋಕ್ಹೋಗ್ಬೇಡಿ."

"ಪಕ್ಕದ ರೂಮ್‌ಗಳೂ ಟೊಳ್ಳಾಗಿವೆ ಸರ್. ಮೇಲೆ ಯಾರನ್ನೂ ಕೂರ್ಸೋಕಾಗಲ್ಲ."

"ಪ್ಯಾನಿಕ್ ಆಗೋದು ಲೀಡರ್ ಲಕ್ಷಣ ಅಲ್ಲ ಮೇಡಂ." ಫೋನ್ ಕಟ್ಟಾಯಿತು.

ಬಾಗಿಲಲ್ಲಿ ನಿಂತಿದ್ದ ವಿಜ್ಞಾನದ ಅಕ್ತರ್ ಮೇಷ್ಟರಿಗೆ ಎಲ್ಲವೂ ಕೇಳಿಸಿತ್ತು. "ಅವ್ರೇ ಬೇಡ ಅಂದ್ಮೇಲೆ ನಮಗ್ಯಾಕೆ ಮೇಡಂ? ನೀವೂ ನಾನೂ ಸಂಬಳದೋರು."

"ಗೊತ್ತು ಸರ್," ಎಂದು ಅವಳು ಗೇಟಿನತ್ತ ಹೊರಟಳು.

ಗೇಟಿನಲ್ಲಿ ಮಕ್ಕಳನ್ನು ಕರೆತಂದಿದ್ದ ಅಪ್ಪ ಅಮ್ಮಂದಿರಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿದಳು. ಮೇಲಿನ ಮಹಡಿ ಮುಚ್ಚಿದೆ, ಆ ಕ್ಲಾಸುಗಳ ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಿ ಎಂದಳು. ಅವರು ಹೆದರುತ್ತಾರೆಂದು ತಿಳಿದಿದ್ದಳು. ಅವರಿಗೆ ಬಂದದ್ದು ಸಿಟ್ಟು. "ಫೀಸ್ ಇಸ್ಕೊಳ್ಳುವಾಗ ಗೊತ್ತಿರ್ಲಿಲ್ವಾ?" ಎಂದು ಒಬ್ಬರು ಕೂಗಿದರು. ಒಬ್ಬಾತ ಮೊಬೈಲ್ ಹಿಡಿದು ಅವಳ ಮುಖವನ್ನೇ ಚಿತ್ರೀಕರಿಸತೊಡಗಿದ. ಸ್ಕೂಟರುಗಳು ಒಂದೊಂದಾಗಿ ತಿರುಗಿ ಹೋದವು. ಮನೆಗೆಲಸಕ್ಕೆ ಹೋಗುವ ಕಲಬುರಗಿಯ ಅಮೃತಮ್ಮ ಮಾತ್ರ ಮಗಳ ಕೈ ಹಿಡಿದು ಕದಲದೆ ನಿಂತಿದ್ದಳು.

"ಹೇಳಾದು ಹೇಳಿದ್ರಿ. ನಾ ಈ ಪೋರಿನ್ನ ಎಲ್ಲಿ ಬಿಡ್ಲಿರಿ? ರೂಮಿನ್ಯಾಗ ಒಬ್ಬಕಿನ್ನೇ ಇಟ್ಟು ಕೀಲಿ ಹಾಕಿ ಹೋಗ್ಲೇನು?"

ಇದನ್ನು ಪ್ರತಿಭಾ ಯೋಚಿಸಿಯೇ ಇರಲಿಲ್ಲ.

"ಬಿಟ್ಟು ಹೋಗ್ರಿ," ಎಂದಳು, ತನ್ನೂರಿನ ಮಾತಿಗೆ ಜಾರಿ. "ಹೆಂಗರ ಮಾಡಿ ಕೆಳಗ ಕುಂದ್ರಸ್ತೀನಿ. ಮ್ಯಾಲ ಮಾತ್ರ ಹತ್ಸೂದಿಲ್ಲ."

ಅಮೃತಮ್ಮ ಉಪಕಾರವಾಯಿತು ಎನ್ನಲಿಲ್ಲ. ಮಗಳ ಚೀಲವನ್ನು ಪ್ರತಿಭಾಳ ಕೈಗೆ ತುರುಕಿ ಬಸ್ಸಿಗೆ ಓಡಿದಳು. ಅದನ್ನು ನೋಡಿ ಇನ್ನೂ ಹಲವರು ಬಿಟ್ಟು ಹೋದರು.

ಆ ದಿನ ಉಳಿದ ಶಾಲೆಯೆಲ್ಲ ನೆಲಮಹಡಿಯಲ್ಲೇ ನಡೆಯಿತು. ಮೂರು, ನಾಲ್ಕನೆಯ ತರಗತಿಗಳು ಜಗಲಿಯಲ್ಲಿ, ಐದನೆಯದು ಹೊಂಗೆ ಮರದ ಕೆಳಗೆ. ಒಂದು ಕಡೆಯ ಮಗ್ಗಿ ಇನ್ನೊಂದು ಕಡೆಯ ಪದ್ಯದೊಳಗೆ ನುಗ್ಗುತ್ತಿತ್ತು. ಟೀಚರುಗಳು ಮುಖ ಊದಿಸಿಕೊಂಡೇ ಪಾಠ ಮಾಡಿದರು. ಹನಿ ಬಿದ್ದಾಗ ಐದನೆಯವರು ಅವಳ ಆಫೀಸಿಗೇ ನುಗ್ಗಿದರು. ಇಬ್ಬರು ಮೇಜಿನಡಿ ಕುಳಿತು ಭಾಗಾಕಾರ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಪ್ರತಿಭಾಳ ಗಂಟಲು ಕಟ್ಟಿಹೋಯಿತು.

ಶಾಲೆ ಬಿಡುವ ಮುಂಚೆ ರಾಜಶೇಖರ ಬಂದರು. ಗೇಟಿನ ವಿಡಿಯೊ ಅವರಿಗೆ ತಲುಪಿತ್ತು. ಮೇಲೆ ಹೋಗಿ, ಭುಜದ ಮೇಲಿನ ಬಿಳಿ ಪುಡಿ ಕೊಡವುತ್ತ ಇಳಿದು ಬಂದು, ಎಲ್ಲರೆದುರೇ ಹೇಳಿದರು: "ಟ್ರೇನಿಂಗ್ ಕೊಡ್ಸಿದ್ದೂ ವೇಸ್ಟ್ ಆಯ್ತು. ನಾಳೆಯಿಂದ ಅಕ್ತರ್ ಇನ್‌ಚಾರ್ಜ್. ಮಾಮೂಲಿ ಥರ ಮೇಲೇ ಕ್ಲಾಸ್ ನಡೀಬೇಕು, ಆ ಒಂದು ರೂಮ್ ಬಿಟ್ಟು."

ಅವಮಾನವಾದೀತೆಂದು ಅವಳು ಕಾದಳು. ಕಾಲು ನೋಯುತ್ತಿರುವುದಷ್ಟೇ ತಿಳಿಯಿತು.

ಅವರು ಹೋದ ಮೇಲೆ ಕಟ್ಟಿದ ದನಿಯಲ್ಲೇ ಅಕ್ತರ್ ಮೇಷ್ಟರನ್ನು ಕೇಳಿದಳು, "ಕಳಿಸ್ತೀರಾ ಸರ್, ಮೇಲಕ್ಕೆ?"

ಅವರು ಪೆನ್ನಿನ ಮುಚ್ಚಳ ತಿರುವುತ್ತ ನಿಂತರು. "ಮನೇಲಿ ದುಡಿಯೋನು ನಾನೊಬ್ನೇ ಮೇಡಂ," ಎಂದಷ್ಟೇ ಹೇಳಿ ಹೊರಟುಹೋದರು.

ಸಿ.ವಿ. ರಾಮನ್ ನಗರದ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆಂದು ಕೇಳಿದಾಗ ಅವಳಿಗೆ ಸ್ವರವೇ ಹೊರಡಲಿಲ್ಲ. ಎರಡು ಸಲ ಕೇಳಿ ಅವನು ಗೊಣಗುತ್ತ ಮುಂದೆ ಹೋದ. ಮಕ್ಕಳ ಮನೆಯವರಿಗೆ ಫೋನ್ ಮಾಡಬೇಕೇ, ಶಿಕ್ಷಣ ಇಲಾಖೆಗೆ ದೂರು ಕೊಡಬೇಕೇ ಎಂದು ಯೋಚಿಸುತ್ತಲೇ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು.

ಮರುದಿನ ಬೇಗ ಬರಬೇಕಾದ ಕೆಲಸ ಅವಳಿಗಿರಲಿಲ್ಲ. ಆದರೂ ಬಂದಳು. ಮೆಟ್ಟಿಲ ಬುಡಕ್ಕೆ ಯಾರೋ ಎರಡು ಬೆಂಚುಗಳನ್ನು ಅಡ್ಡಡ್ಡಲಾಗಿ ಎಳೆದಿಟ್ಟಿದ್ದರು. ಅಕ್ತರ್ ಮೇಷ್ಟರು ಅವುಗಳಲ್ಲೊಂದರ ಮೇಲೆ ಕುಳಿತಿದ್ದರು. ಕಣ್ಣುಗಳು ಕೆಂಪಾಗಿದ್ದವು.

"ಐದನೇ ಕ್ಲಾಸ್ ಮರದ ಕೆಳಗೇ ಮೇಡಂ," ಎಂದರು, ಅವಳತ್ತ ನೋಡದೆ.

ಪಕ್ಕದಲ್ಲಿಟ್ಟಿದ್ದ ಅವರ ಫೋನು ರಾಜಶೇಖರರ ಹೆಸರು ತೋರಿಸಿ ಗುರುಗುಟ್ಟುತ್ತ ಬೆಂಚಿನ ಅಂಚಿನವರೆಗೆ ಜರುಗಿತು. ಅವರು ಅದನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿದರು, ಎತ್ತಿಕೊಳ್ಳಲಿಲ್ಲ.