ತಕ್ಕಡಿ ತೂಗಿದ ಕೊಕ್ಕೆ

ನಮ್ಮಜ್ಜ ಸತ್ತು ಎಷ್ಟೋ ವರ್ಷಗಳಾದ ಮೇಲೆ ಅವನಿಗೆ ಜಡ್ಜ್ ಕೆಲಸ ಸಿಕ್ಕಿತು. ಕೊಡಿಸಿದವನು ನಮ್ಮಣ್ಣ. ಬದುಕಿದ್ದಾಗ ಅಜ್ಜ ಗುಜರಿ ವ್ಯಾಪಾರಿ. ತೂತು ಬಿದ್ದ ಬಾಣಲೆ, ತುಕ್ಕು ಹಿಡಿದ ಸರಳು, ಕಾಲು ಮುರಿದ ಮಂಚ, ಯಾರು ಏನು ತಂದರೂ ತೂಗಿ ಕೊಳ್ಳುತ್ತಿದ್ದ. ಅಂಥವನನ್ನು ಎತ್ತಿ ನ್ಯಾಯಪೀಠದ ಮೇಲೆ ಕೂರಿಸಿದ್ದು ಮನೆ ಮಾರುವ ಅಣ್ಣನ ಆತುರ.

ಮನೆ ಹಳೇ ಪೇಟೆಯ ಬೀದಿಯಲ್ಲಿದೆ. ಎಡಬಲದ ಮನೆಗಳಿಗೆ ಗೋಡೆ ತಾಗಿಸಿಕೊಂಡು, ಉಸಿರು ಬಿಗಿಹಿಡಿದು ನಿಂತಂತಿರುವ ಮೂರಂತಸ್ತಿನ ಕಟ್ಟಡ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ನನ್ನ ಟೈಲರಿಂಗ್ ಅಂಗಡಿ, ಅದರ ಹಿಂದಿನ ಕೋಣೆಯಲ್ಲಿ ನನ್ನ ಸಂಸಾರ, ಅಂದರೆ ನಾನೊಬ್ಬಳೇ. ಮೇಲೆ ಅಣ್ಣ, ಅತ್ತಿಗೆ. ಅಪ್ಪ ಮನೆಯನ್ನು ಅಣ್ಣನ ಹೆಸರಿಗೆ ಬರೆದು, ಕೆಳಗಿನ ಎರಡು ಕೋಣೆ ತಂಗಿಗಿರಲಿ ಎಂದು ಬಾಯಲ್ಲಿ ಹೇಳಿ ಹೋದ. ಬಾಯಿಮಾತಿಗೆ ಅಣ್ಣ ಎಷ್ಟು ಬೆಲೆ ಕೊಡುತ್ತಾನೆಂಬುದು ಅಪ್ಪನಿಗೆ ಗೊತ್ತಿರಲಿಲ್ಲ, ಪಾಪ. ನನಗೆ ಗೊತ್ತಿತ್ತು.

ಮಾರುವ ಸುದ್ದಿಯನ್ನು ಅಣ್ಣ ನನಗೆ ತಿಳಿಸಿದ್ದು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಾಗ. ಎಂದಿನಂತೆ ಪುಕ್ಕಟೆ ಹೊಲಿಗೆ. ಊರಾಚೆ ಎಲ್ಲಾದರೂ ಒಂದು ಕೋಣೆ ಬಾಡಿಗೆಗೆ ಹಿಡಿ ಎಂದ.

"ಹೊಲಿಯೋದು ಎಲ್ಲಿ ಕೂತ್ರೂ ಹೊಲಿಯೋದೇ ಅಲ್ವಾ?"

ಒಂದು ಗುಂಡಿ ಹಾಕಿಸಲು ಎರಡು ಬಸ್ಸು ಬದಲಾಯಿಸಿ ಯಾರೂ ಬರುವುದಿಲ್ಲ. ನನ್ನ ಗಿರಾಕಿಗಳೆಲ್ಲ ಈ ಬೀದಿಯವರೇ. ಈ ಕೋಣೆ ಹೋದರೆ ನನ್ನ ಅನ್ನ ಹೋಯಿತು. ಅಣ್ಣನ ಅಷ್ಟು ದೊಡ್ಡ ತಲೆಯೊಳಗೆ ಈ ಸಣ್ಣ ವಿಷಯಕ್ಕೆ ಜಾಗವಿರಲಿಲ್ಲ.

ಆಮೇಲೆ ಬ್ರೋಕರ್ ಬಂದ. ಅವನು ಬೀದಿಯ ತಿರುವಿನಲ್ಲಿರುವಾಗಲೇ ಅವನ ಸೆಂಟು ನಮ್ಮ ಮನೆ ಸೇರುತ್ತಿತ್ತಾದ್ದರಿಂದ ನಾನವನಿಗೆ ಸೆಂಟು ಸಾಹೇಬ ಎಂದು ಹೆಸರಿಟ್ಟೆ. "ನಗರದ ಹೃದಯಭಾಗದಲ್ಲಿ ಐತಿಹಾಸಿಕ ಮನೆ, ನವೀಕರಣಕ್ಕೆ ವಿಪುಲ ಅವಕಾಶ" ಎಂದು ಅವನು ಜಾಹೀರಾತು ಬರೆದ. ಸೂರು ಸೋರುವುದು ಒಂದು ಅವಕಾಶ, ಬಚ್ಚಲ ಬಾಗಿಲು ಮುಚ್ಚದಿರುವುದು ಇನ್ನೊಂದು ಅವಕಾಶ. ಆದರೆ ಐತಿಹಾಸಿಕ ಎಂದ ಮೇಲೆ ಇತಿಹಾಸದಲ್ಲಿ ಒಬ್ಬ ದೊಡ್ಡ ಮನುಷ್ಯ ಬೇಕಲ್ಲ ಎಂದು ಅವನು ತಲೆ ಕೆರೆದುಕೊಂಡಾಗ, ಅಣ್ಣ ಎಳ್ಳಷ್ಟೂ ನಾಚಿಕೆಯಿಲ್ಲದೆ ಅಜ್ಜನನ್ನು ಜಡ್ಜ್ ಮಾಡಿಬಿಟ್ಟ.

ಒಂದು ಸುಳ್ಳಿನ ಹಿಂದೆ ಉಳಿದವು ಸಾಲುಗಟ್ಟಿದವು. ನಡುಮನೆಯ ತೊಲೆಯಲ್ಲಿ ಅಜ್ಜ ತಕ್ಕಡಿ ತೂಗುಹಾಕುತ್ತಿದ್ದ ದಪ್ಪ ಕೊಕ್ಕೆ ಈಗ ಗಾಜಿನ ದೀಪಗುಚ್ಛದ ಕೊಕ್ಕೆಯಾಯಿತು. ಕೈಗಾಡಿ ಒಳಗೆ ಬರಲೆಂದು ಅಗಲ ಮಾಡಿಸಿದ್ದ ಬಾಗಿಲಿನಿಂದ ಜಡ್ಜ್ ಸಾಹೇಬರ ಕುದುರೆ ಸಾರೋಟು ಬರತೊಡಗಿತು. ಮದುವೆಯಾಗಿ ಬಂದ ದಿನದಿಂದ ಗುಜರಿ ಎಂಬ ಮಾತಿಗೆ ಮೂಗು ಮುರಿಯುತ್ತಿದ್ದ ಅತ್ತಿಗೆ, "ನಮ್ಮ ಮಾವನವರ ತಂದೆ ತುಂಬಾ ಸ್ಟ್ರಿಕ್ಟು" ಎಂದು ಬಂದವರಿಗೆಲ್ಲ ಹೇಳತೊಡಗಿದಳು. ಬಾಗಿಲ ಪಕ್ಕ ಥಳಥಳ ಹೊಳೆಯುವ ಹಿತ್ತಾಳೆ ಫಲಕ ಬಂತು. ಅದರಲ್ಲಿ ಅಜ್ಜನ ಹೆಸರು, ಹೆಸರಿನ ಮುಂದೆ ನ್ಯಾಯಾಧೀಶರು. ನನಗೆ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳಬೇಕೆಂಬ ಆಜ್ಞೆಯಾಯಿತು. ಮನೆ ನೋಡಲು ಜನ ಬಂದಾಗ ನಾನು ಅಂಗಡಿ ಮುಚ್ಚಿ ಪಾರ್ಕಿನಲ್ಲಿ ಕೂತಿರಬೇಕು. ಜಡ್ಜ್ ಮೊಮ್ಮಗಳು ಲಂಗಕ್ಕೆ ಲಾಡಿ ಪೋಣಿಸುತ್ತಾ ಕೂತರೆ ಮನೆಯ ಬೆಲೆ ಇಳಿಯುತ್ತದಂತೆ.

ಕೊನೆಗೆ ಒಂದು ಜೋಡಿ ಗಂಡಹೆಂಡಿರು ಒಪ್ಪಿದರು. ಅವರಿಗೆ ಈ ಮನೆಯಲ್ಲಿ ಎಲ್ಲವೂ ಇಷ್ಟ, ಮೆಟ್ಟಿಲು ಇಷ್ಟ, ತೊಲೆ ಇಷ್ಟ, ನೆಲದ ಕಲ್ಲು ಇಷ್ಟ. ಕೊಂಡ ಮೇಲೆ ಬೀದಿ ಕಡೆಯ ಗೋಡೆಯೊಂದನ್ನು ಬಿಟ್ಟು ಇದೆಲ್ಲವನ್ನೂ ಕಿತ್ತುಹಾಕುವುದು ಅವರ ಯೋಜನೆ. ಮೆಟ್ಟಿಲಿನ ಜಾಗದಲ್ಲಿ ಲಿಫ್ಟು, ಸೂರಿನ ಜಾಗದಲ್ಲಿ ಗಾಜು, ನನ್ನ ಅಂಗಡಿಯಲ್ಲಿ ಕಾರು. ನಾನು ಬೀಗ ಹಾಕಿ ಹೊರಡುತ್ತಿದ್ದಾಗ ನನ್ನೆದುರೇ ಅಳತೆ ಹಿಡಿದರು. ನಾನೂ ಕಿತ್ತುಹಾಕಬೇಕಾದ ಸಾಮಾನುಗಳಲ್ಲೊಂದು ಎಂಬಂತೆ ನನ್ನನ್ನು ಪಕ್ಕಕ್ಕೆ ಸರಿಸಿ ನಡೆದರು.

ವ್ಯವಹಾರ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಣ್ಣನಿಗೆ ಸಮಾಧಾನವೆಂಬುದೇ ಇಲ್ಲ. ಜಡ್ಜ್ ಮನೆಯೆಂದು ಸರಕಾರವೇ ಒಂದು ಪ್ರಮಾಣಪತ್ರ ಕೊಟ್ಟರೆ ಬೆಲೆ ಇನ್ನೂ ಏರಬಹುದೆಂದು ಯಾರನ್ನೂ ಕೇಳದೆ ಹಳೇ ಕಟ್ಟಡಗಳ ಇಲಾಖೆಗೆ ಅರ್ಜಿ ಹಾಕಿದ. ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದೆಂದರೆ ಇದೇ. ಪರೀಕ್ಷೆಗೆ ಅಧಿಕಾರಿ ಬರುವ ದಿನ ಕೊಳ್ಳುವವರನ್ನೂ ಸೆಂಟು ಸಾಹೇಬನನ್ನೂ ಕರೆಸಿದ. ತನ್ನ ಕೋಟಿಗೆ ಇಸ್ತ್ರಿ ಮಾಡಲು ನಾನು ಬೇಕಾಗಿದ್ದರಿಂದ ಅವತ್ತು ನನಗೆ ಪಾರ್ಕಿನ ಶಿಕ್ಷೆ ತಪ್ಪಿತು.

ಅಧಿಕಾರಿ ನಡುವಯಸ್ಸಿನ ಹೆಂಗಸು, ಕೈಯಲ್ಲಿ ಟಾರ್ಚು, ಹೆಗಲಲ್ಲಿ ಬಟ್ಟೆ ಚೀಲ. ಅಣ್ಣ ದೀಪಗುಚ್ಛ, ಸಾರೋಟು ಎಲ್ಲ ತೋರಿಸುತ್ತಾ ಅವಳ ಹಿಂದೆ ಸುತ್ತಿದ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ಕಾಪಾಡಬೇಕಾದ ಕಟ್ಟಡಗಳ ಪಟ್ಟಿಗೆ ಮನೆ ಸೇರಿದರೆ ಏನಾಗುತ್ತದೆಂದು ವಿವರಿಸಿದಳು. ದುರಸ್ತಿ ಮಾಡಬಹುದು, ಮಾರಲೂಬಹುದು. ಆದರೆ ಮಾರಿದ ಮೇಲೂ ಯಾರೂ ಏನನ್ನೂ ಒಡೆಯುವಂತಿಲ್ಲ, ಮೆಟ್ಟಿಲಿನ ಒಂದು ಹಲಗೆಯನ್ನೂ ಕದಲಿಸುವಂತಿಲ್ಲ.

ಲಿಫ್ಟು, ಎಂದ ಕೊಳ್ಳುವವನು ಮೆಲ್ಲಗೆ. ಅಣ್ಣನ ಮುಖದ ಬಣ್ಣ ಇಳಿದುಹೋಯಿತು.

"ಮೇಡಂ, ಅಜ್ಜ ಜಡ್ಜ್ ಅಲ್ಲ," ಎಂದ. "ಗುಜರಿ ವ್ಯಾಪಾರ ಮಾಡ್ತಿದ್ದ. ಬರೀ ಗುಜರಿ."

ಆ ಮಾತನ್ನು ಅಣ್ಣನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಧಿಕಾರಿ ನಂಬಲಿಲ್ಲ. ಪಟ್ಟಿಯ ಮಾತೆತ್ತಿದ ಕೂಡಲೇ ಎಲ್ಲರ ಹಿರಿಯರೂ ಹೀಗೆ ಕುಗ್ಗಿಹೋಗುತ್ತಾರೆ ಎಂದು ನಕ್ಕಳು. ಅಣ್ಣ ಬೆವರು ಒರೆಸಿಕೊಂಡು ನನ್ನತ್ತ ತಿರುಗಿದ.

"ನೀನಾದ್ರೂ ಹೇಳೇ. ನಿಜ ಏನು ಅಂತ ಎಲ್ಲಾ ಹೇಳ್ಬಿಡು."

ಬೀಗ ಹಾಕಿದವನೇ ಬೀಗ ತೆಗೆದ ಮೇಲೆ ನನಗೇನು ಸಂಕೋಚ? ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಎದ್ದೆ. ಕೊಕ್ಕೆಯಲ್ಲಿ ಸರಪಳಿ ಉಜ್ಜಿ ಉಜ್ಜಿ ಸವೆದ ಜಾಗ ತೋರಿಸಿದೆ. ಹೊಸ್ತಿಲ ಕಲ್ಲಿನಲ್ಲಿ ಗಾಡಿಯ ಚಕ್ರ ಕೊರೆದ ಎರಡು ಗೀರುಗಳನ್ನು ತೋರಿಸಿದೆ. ಕಬ್ಬಿಣ ಎತ್ತಿಹಾಕಿದರೂ ಒಡೆಯದಿರಲೆಂದು ನೆಲಕ್ಕೆ ಮೊಳ ದಪ್ಪದ ಚಪ್ಪಡಿ ಹಾಸಿದ್ದನ್ನು ಹೇಳಿದೆ. ಕೊನೆಗೆ ಬಾಗಿಲ ಪಕ್ಕದ ಕಲ್ಲುಕಂಬದ ಬಳಿ ಕರೆದೊಯ್ದೆ. ತಂದ ಪಾತ್ರೆ ಗಟ್ಟಿ ಹಿತ್ತಾಳೆಯೋ ಮೇಲೆ ಬಳಿದದ್ದೋ ಎಂದು ಅಜ್ಜ ಅದನ್ನು ಈ ಕಂಬಕ್ಕೆ ಉಜ್ಜಿ ನೋಡಿಯೇ ತೂಗುತ್ತಿದ್ದ. ಸೊಂಟದೆತ್ತರದಲ್ಲಿ ಕಲ್ಲು ಬೋಗುಣಿಯ ಹಾಗೆ ಸವೆದಿದೆ. ಚಿಕ್ಕವಳಿದ್ದಾಗ ನಾನು ಅಲ್ಲಿ ಬೆನ್ನು ಆನಿಸಿ ನಿಲ್ಲುತ್ತಿದ್ದೆ. ಇಷ್ಟು ಶ್ರಮಪಟ್ಟು ಬದುಕಿದ ಮನುಷ್ಯನನ್ನು ಈ ಮೂರ್ಖ ಅಳಿಸಿಹಾಕಲು ಹೊರಟಿದ್ದನಲ್ಲ ಎಂದು ನನಗೆ ಅಸಹ್ಯವಾಯಿತು.

ನಾನು ತೋರಿಸಿದ ಪ್ರತಿಯೊಂದಕ್ಕೂ ಅಣ್ಣ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಅಧಿಕಾರಿ ಕಂಬದ ಗುಳಿಯೊಳಗೆ ಕೈಯಾಡಿಸಿದಳು.

"ಜಡ್ಜ್‌ಗಳ ಮನೆ ನಮ್ಮ ಪಟ್ಟಿಯಲ್ಲಿ ಬೇಕಾದಷ್ಟಿವೆ," ಎಂದಳು. "ಹಳೇ ಕಾಲದ ಗುಜರಿ ಅಂಗಡಿ ಊರಲ್ಲಿ ಒಂದೂ ಉಳಿದಿಲ್ಲ ಅಂದ್ಕೊಂಡಿದ್ವಿ. ಇದನ್ನ ಖಂಡಿತಾ ಸೇರಿಸ್ತೀವಿ. ಮುಂದಿನ ಕೋಣೆ ಅಂಗಡಿಯಾಗೇ ಇರ್ಬೇಕು."

ಕೊಳ್ಳುವವರು ಹೇಳದೆ ಕೇಳದೆ ಹೊರಟುಹೋದರು. ಅವರ ಹಿಂದೆ ಸೆಂಟು ಸಾಹೇಬನೂ ಓಡಿದ, ಅವನ ವಾಸನೆ ಮಾತ್ರ ಸ್ವಲ್ಪ ಹೊತ್ತು ಉಳಿದುಕೊಂಡಿತ್ತು. ಅಣ್ಣ ಮೆಟ್ಟಿಲ ಮೇಲೆ ಕುಸಿದು ಕೂತು, ನಾನು ಸಂಚು ಮಾಡಿ ಅವನ ಬಾಳು ಹಾಳುಮಾಡಿದೆ ಎಂದ. ನಿಜ ಹೇಳು ಎಂದವನು ನೀನೇ ಎಂದು ನೆನಪಿಸಿದೆ.

ಈಗ ಬಾಗಿಲ ಪಕ್ಕ ಇಲಾಖೆಯ ಫಲಕವಿದೆ. ಹಳೆಯ ಗುಜರಿ ವ್ಯಾಪಾರಿಯ ಮನೆ ಮತ್ತು ಅಂಗಡಿ ಎಂದು ಬೀದಿಗೆಲ್ಲ ಕಾಣುವಷ್ಟು ದೊಡ್ಡ ಅಕ್ಷರ. ಅತ್ತಿಗೆ ಅದರ ಕೆಳಗೆ ಹಾದುಹೋಗುವಾಗ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಾಳೆ. ನಾನು ನನ್ನ ಯಂತ್ರದ ಮುಂದೆ ಕೂತು ನೋಡುತ್ತಿರುತ್ತೇನೆ.

ಜಡ್ಜ್ ಫಲಕವನ್ನು ಅವಳು ಎಲ್ಲಾದರೂ ಬಿಸಾಡು ಎಂದು ನನ್ನ ಕೈಗೆ ಕೊಟ್ಟಿದ್ದಳು. ಬಿಸಾಡುವ ಮುಂಚೆ ಸುಮ್ಮನೆ ಅಜ್ಜನ ಕಂಬಕ್ಕೆ ನಾಲ್ಕು ಸಲ ಉಜ್ಜಿದೆ. ಹಳದಿ ಬಣ್ಣ ಪುಡಿಯಾಗಿ ಉದುರಿ ಕೆಳಗಿನ ಬಿಳಿ ಲೋಹ ಕಂಡಿತು. ಮೆಟ್ಟಿಲ ಬಳಿ ಹೋಗಿ ತಲೆ ಎತ್ತಿ ಕರೆದೆ.

"ಅಣ್ಣಾ, ಇದು ಹಿತ್ತಾಳೆ ಅಲ್ಲ ಕಣೋ. ಬರೀ ತಗಡು."