ಕೈ ತೊಳೆಯುವ ನೀರು

"ಏನಮ್ಮ ಫುವಾತಿನೊ, ನಿಮ್ಮಣ್ಣ ಚರ್ಚಿಗೂ ಬರ್ಲಿಲ್ಲ? ಬಾಯಿಗಂಟಿದ ಪುಕ್ಕ ಇನ್ನೂ ಕಿತ್ತಾಗಿಲ್ವಾ?"

ಗೋಡೆಯಿಲ್ಲದ ದೊಡ್ಡಮನೆಯಲ್ಲಿ ಕಂಬಕ್ಕೊಬ್ಬರಂತೆ ಒರಗಿ ಊಟಕ್ಕೆ ಕೂತ ಊರ ಮುಖಂಡರಲ್ಲೊಬ್ಬ ಕೇಳಿದ, ಉಳಿದವರು ನಕ್ಕರು. ಫುವಾತಿನೊ ತಲೆಯೆತ್ತದೆ ಕೆಸುವಿನ ಗೆಡ್ಡೆ ಬಡಿಸಿದಳು.

ಮನುಮೆಯಾ ಹಕ್ಕಿ ಸಮೋವ ದ್ವೀಪಗಳ ಕಾಡು ಬಿಟ್ಟರೆ ಇನ್ನೆಲ್ಲೂ ಇಲ್ಲ. ಅದು ಬೇರೆ ಪಾರಿವಾಳಗಳ ನಡುವೆಯೇ ಹಾರುತ್ತದೆ, ಅವುಗಳಿಗೆ ಹೊಡೆದ ಗುಂಡಿಗೆ ತಾನೂ ಸಾಯುತ್ತದೆ. ಅದಕ್ಕೇ ಊರಸಭೆ ಪಾರಿವಾಳದ ಬೇಟೆಯನ್ನೇ ನಿಲ್ಲಿಸಿ, ಬಂದೂಕುಗಳನ್ನೆಲ್ಲ ಮುಖ್ಯಸ್ಥ ಲೆಫಾಗನ ಮನೆಯಲ್ಲಿ ಇಡಿಸಿತ್ತು. ಮೊದಲು ತಂದೊಪ್ಪಿಸಿದವನೇ ಅವಳ ಅಣ್ಣ ಪೆಸಮಿನೊ. ಆದರೆ ನಿನ್ನೆ ಕಾಡಲ್ಲಿ ಗುಂಡಿನ ಸದ್ದಾಯಿತು. ಅವನ ತೋಟದಂಚಿನಲ್ಲಿ ಮನುಮೆಯಾದ ಪುಕ್ಕ ಸಿಕ್ಕಿತು. ಇನ್ನೊಂದು ಬಂದೂಕು ಬಚ್ಚಿಟ್ಟಿದ್ದಾನೆ ಎಂದರು. ಮುಖಂಡನ ಪದವಿಯಿಲ್ಲದವನ ಮೇಲಿನ ಅನುಮಾನಕ್ಕೆ ಸಾಕ್ಷಿ ಕೇಳುವವರು ಯಾರು? ಊಟವಾದ ಮೇಲೆ ತೀರ್ಮಾನ: ಹೆಂಡತಿ ಮಕ್ಕಳ ಸಮೇತ ಊರು ಬಿಡಬೇಕು.

ಫುವಾತಿನೊಗೂ ಅನುಮಾನ ಹತ್ತಿತ್ತು. ಬೆಳಿಗ್ಗೆ ಅಣ್ಣನ ಅಂಗಿಯಲ್ಲಿ ಬಂದೂಕಿನ ಮದ್ದಿನ ವಾಸನೆ ಇದೆಯೇ ಎಂದು ಮೂಸುತ್ತಿದ್ದಾಗ ಅವನು ನೋಡಿಬಿಟ್ಟಿದ್ದ. "ನೀನೂನಾ, ತಂಗಿ?" ಎಂದಷ್ಟೇ ಕೇಳಿದ್ದ.

ಲೆಫಾಗನ ಮುಂದೆ ಮಾತ್ರ ಬಿಚ್ಚಿದ ಬಾಳೆಲೆಯ ಪೊಟ್ಟಣವಿತ್ತು. ಫುವಾತಿನೊ ಅಡುಗೆ ಗುಡಿಸಲಿಗೆ ಹೋಗಿ ಅವನ ಹೆಂಡತಿ ಮೆಲೆಯನ್ನು ಕೇಳಿದಳು: "ಅದೇನು ದೊಡ್ಡಮ್ಮ, ಯಜಮಾನರ ಪೊಟ್ಟಣದಲ್ಲಿ?"

"ಕೋಳಿ ಕಣೆ."

"ಮೂಳೆ ಅಷ್ಟು ಸಣ್ಣಕ್ಕಿದೆ?"

"ಉಣ್ಣೋರ ಎಲೆ ಇಣುಕೋ ಬುದ್ಧಿ ಯಾವಾಗ ಬಂತೇ? ಹೋಗು, ಆ ಕಸ ಹಂದಿಗೆ ಹಾಕು."

ಕಸದ ಬುಟ್ಟಿಯಲ್ಲಿ ತೆಂಗಿನ ಸಿಪ್ಪೆಯ ಅಡಿಯಲ್ಲಿ ಒಂದು ಹಕ್ಕಿಯ ತಲೆ ಸಿಕ್ಕಿತು. ಬಾಗಿದ ಕೆಂಪು ಕೊಕ್ಕು, ಕೆಳದವಡೆಯಲ್ಲಿ ಹಲ್ಲಿನಂಥ ಕಚ್ಚು. ಮನುಮೆಯಾ ಬಿಟ್ಟರೆ ಅಂಥ ಕೊಕ್ಕು ಕಾಡಲ್ಲಿ ಇನ್ಯಾವ ಹಕ್ಕಿಗೂ ಇಲ್ಲ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು.

ಒಳಗೆ ಲೆಫಾಗನ ದನಿ ಗಟ್ಟಿಯಾಗಿತ್ತು. "ಊರಿನ ಮಾತು ಮುರಿದೋನು ಊರಲ್ಲಿರಬಾರದು. ಯಾರ ಮಗನಾದ್ರೂ ಅಷ್ಟೆ."

"ಅಷ್ಟೆ, ಅಷ್ಟೆ," ಎಂದವು ಕಂಬಗಳು.

"ನೀರು ತಾರಮ್ಮ."

ಊಟ ಮುಗಿದಾಗ ಮೊದಲ ನೀರು ಹಿರಿಯನ ಕೈಗೆ. ಫುವಾತಿನೊ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಅವನೆದುರು ಮಂಡಿಯೂರಿದಳು. ಜಿಡ್ಡು ಹತ್ತಿದ ಬೆರಳುಗಳು ಇಳಿದವು, ನೀರು ಮುಟ್ಟುವ ಮೊದಲೇ ನಿಂತವು. ಬಟ್ಟಲ ತಳದಲ್ಲಿ ಕೆಂಪು ಕೊಕ್ಕು ತೆರೆದುಕೊಂಡಿತ್ತು.

"ತೊಳ್ಕೊಳ್ಳಿ ಹಿರಿಯರೇ," ಎಂದಳು. "ಎಲ್ಲರೂ ಕಾಯ್ತಿದಾರೆ."

ಪಕ್ಕದ ಕಂಬದವನು ಕತ್ತು ಚಾಚಿದ. ಅವನ ಪಕ್ಕದವನೂ. ಅವಳ ಕೈಯಲ್ಲಿ ನೀರು ಅಲುಗಲಿಲ್ಲ.